ಸಂಘದ ಗುರಿ, ತಮ್ಮನ ಆಣೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಲ್ಯಾಬ್ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಬಿಡಿಸಿ ಹೇಳಿದರೆ ಎದುರಿಗಿದ್ದವರು ಕೈಯಲ್ಲಿನ ಚಹಾ ಕೆಳಗಿಡುತ್ತಾರೆ. ಕಾರ್ಖಾನೆಗಳಿಗೆ ಹೋಗಿ, ಅಲ್ಲಿ ದುಡಿಯುವವರ ಮೂತ್ರ ಹಿಡಿಸಿ, ಅದರಲ್ಲಿ ಅಮಲಿನ ಪದಾರ್ಥ ಇದೆಯೋ ಇಲ್ಲವೋ ನೋಡಿ ಹೇಳುವುದು ನನ್ನ ಕಸುಬು. ಜಹೀರಾಬಾದಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಮೊದಲೆಲ್ಲ ಸಕ್ಕರೆ, ರಕ್ತ, ಬಸುರಿ ಪರೀಕ್ಷೆ, ಇಷ್ಟರಲ್ಲೇ ದಿನ ಹೋಗುತ್ತಿತ್ತು. ಸುತ್ತ ಕಾರ್ಖಾನೆಗಳು ಹೆಚ್ಚಾದಂತೆ ಈ ಕೆಲಸ ತಾನಾಗಿ ಬಾಗಿಲಿಗೆ ಬಂತು. ಬಂದದ್ದನ್ನು ಬೇಡ ಅನ್ನುವಷ್ಟು ದೊಡ್ಡಸ್ತಿಕೆ ನನಗಿರಲಿಲ್ಲ.

ಈ ಕೆಲಸದಲ್ಲಿ ಯಾರನ್ನೂ ನಂಬುವ ಹಾಗಿಲ್ಲ. ಕಕ್ಕಸಿನ ನೀರಿನ ತೊಟ್ಟಿಗೆ ನೀಲಿ ಬಣ್ಣ ಸುರಿಯಬೇಕು, ಇಲ್ಲದಿದ್ದರೆ ಜಾಣರು ಅದೇ ನೀರನ್ನು ಬೆರೆಸಿ ತರುತ್ತಾರೆ. ನಲ್ಲಿ ಬಂದ್ ಮಾಡಿ ಟೇಪ್ ಸುತ್ತಬೇಕು. ಜೇಬು ಖಾಲಿ ಮಾಡಿಸಬೇಕು. ಮೂತ್ರ ಹಿಡಿದ ಕಪ್ಪು ಹೊರಬಂದ ಕೂಡಲೇ ಮುಟ್ಟಿ ನೋಡಬೇಕು, ಬೆಚ್ಚಗಿರಬೇಕು. ಒಬ್ಬ ಮಹಾನುಭಾವ ಹೆಂಡತಿಯದನ್ನು ಬಾಟಲಿಯಲ್ಲಿ ತುಂಬಿ ಬಗಲಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ಇಷ್ಟು ತಣ್ಣಗೆ ಯಾಕಿದೆ ಎಂದರೆ, "ಫ್ಯಾನಿನ ಕೆಳಗ ಕುಂತಿದ್ದೆ ಮೇಡಂ" ಎಂದ. ನಗು ತಡೆಯಲಾರದೆ ಮುಖ ತಿರುಗಿಸಿಕೊಂಡೆ. ಆಮೇಲೆ ಅವನನ್ನು ಮತ್ತೆ ಒಳಗೆ ಕಳಿಸಿದೆ.

ಕಪ್ಪಿನಲ್ಲಿ ಅದ್ದುವ ಪಟ್ಟಿಯ ಮೇಲೆ ಸಾಲಾಗಿ ಚಿಕ್ಕ ಕಿಂಡಿಗಳಿರುತ್ತವೆ. ಗಾಂಜಾಕ್ಕೊಂದು, ಅಫೀಮಿಗೊಂದು, ಹೀಗೆ. ಕಿಂಡಿಯಲ್ಲಿ ಗೆರೆ ಮೂಡಿದರೆ ಆ ಪದಾರ್ಥ ಇಲ್ಲ ಎಂದರ್ಥ, ಮೂಡದಿದ್ದರೆ ಇದೆ ಎಂದರ್ಥ. ಜನಕ್ಕೆ ಇದು ತಿಳಿಯುವುದಿಲ್ಲ. ಗೆರೆ ಕಂಡ ಕೂಡಲೇ ಹಣೆ ಚಚ್ಚಿಕೊಳ್ಳುವವರನ್ನು ಎಷ್ಟು ಸಲ ಸಮಾಧಾನ ಮಾಡಿದ್ದೇನೋ. ಗೆರೆ ಬಂದರೆ ಪಾಸು ಎಂದು ಕೊನೆಗೆ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿದೆ.

ನಮ್ಮಂಥವರಿಗೂ ಒಂದು ಸಂಘ ಇದೆ. ಪಟ್ಟಿ ಮಾರುವವರು, ದೊಡ್ಡ ಲ್ಯಾಬಿನವರು, ನನ್ನ ಹಾಗೆ ಊರೂರು ತಿರುಗಿ ಕಪ್ಪು ಹಿಡಿಸುವವರು, ಎಲ್ಲರೂ ಅದರ ಸದಸ್ಯರು. ಒಮ್ಮೆ ಹೈದರಾಬಾದಿನ ಹೋಟೆಲೊಂದರಲ್ಲಿ ಸಂಘದ ಸಭೆ ಕರೆದರು. ಮುಂದಿನ ವರ್ಷಗಳ ಗುರಿಗಳನ್ನು ಅಲ್ಲಿ ಗೊತ್ತುಮಾಡುವುದಿತ್ತು. ಸಣ್ಣ ಊರಿನವರ ಪರವಾಗಿ ನನ್ನನ್ನೂ ಮಾತಾಡಲು ಕರೆದರು. ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೋದೆ. ಸಂಘದ ಕಾರ್ಯದರ್ಶಿ ವಯಸ್ಸಾದ, ಮೆದು ಮಾತಿನ ಮನುಷ್ಯ. ಎಲ್ಲರನ್ನೂ ಅಮ್ಮಾ, ಅಯ್ಯಾ ಎಂದು ತೆಲುಗಿನಲ್ಲಿ ಕರೆಯುತ್ತ ಗುರಿಗಳನ್ನು ಒಂದೊಂದಾಗಿ ಓದಿದರು. ಪರೀಕ್ಷೆ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಾಗಬಾರದು, ಕಲ್ಲು ಗಣಿಯಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲ ಕಡೆ ನಡೆಯಬೇಕು ಎಂದರು. ಪಟ್ಟಿಯ ಕಿಂಡಿಗಳು ಹೆಚ್ಚಾಗಬೇಕು, ನಿದ್ದೆ ಗುಳಿಗೆಯ ಜಾತಿಯ ಔಷಧಗಳೂ ಸೇರಬೇಕು ಎಂದರು. ಕೆಲಸಗಾರರಿಗೆ ಮೊದಲೇ ತಿಳಿವಳಿಕೆ ಕೊಡಬೇಕು ಎಂದರು.

ನಾನು ಎದ್ದು ನಿಂತು ಒಂದೇ ಮಾತು ಕೇಳಿದೆ. ಪಟ್ಟಿ ಒಂದನ್ನೇ ನಂಬಿ ಯಾರನ್ನೂ ಕೆಲಸದಿಂದ ತೆಗೆಯಬಾರದು, ಒಬ್ಬ ಡಾಕ್ಟರು ಆ ಮನುಷ್ಯನನ್ನು ನೋಡಿ, ಅವನು ಯಾವ ಔಷಧ ತೆಗೆದುಕೊಳ್ಳುತ್ತಿದ್ದಾನೆ ಎಂದು ಕೇಳಿ, ಆಮೇಲೆ ತೀರ್ಮಾನ ಹೇಳಬೇಕು ಎಂದೆ. ಸಭೆ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿ ಅದನ್ನೂ ಗುರಿಗಳಲ್ಲಿ ಸೇರಿಸಿದರು, ಎರಡನೇ ಹಂತ ಎಂದು ಪಕ್ಕದಲ್ಲಿ ಬರೆದರು. ನನಗೆ ಹಿಗ್ಗೋ ಹಿಗ್ಗು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಜಹೀರಾಬಾದ್ ಬರುವವರೆಗೂ ನನ್ನಷ್ಟಕ್ಕೇ ನಗುತ್ತಿದ್ದೆ.

ಈಗ ತಮ್ಮನ ವಿಷಯ ಹೇಳಬೇಕು. ನನಗೆ ಒಬ್ಬನೇ ತಮ್ಮ. ನಮ್ಮ ತವರು ನಾರಾಯಣಖೇಡದ ಕಡೆ. ಅಪ್ಪ ತೀರಿದ ಮೇಲೆ ಅವ್ವ ಅಲ್ಲೇ ಚಿಕ್ಕಪ್ಪಂದಿರ ಜೊತೆ ಇದ್ದಾಳೆ. ತಮ್ಮ ಹೆಂಡತಿಯೊಂದಿಗೆ ತಾಂಡೂರಿನಲ್ಲಿದ್ದ. ಊರಾಚೆಯ ಒಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಚಾವಣಿಗೆ ಹತ್ತಿದ ಹಾಗೆ ಹಳಿಗಳ ಮೇಲೆ ಓಡಾಡುವ ಕ್ರೇನ್ ಅದು. ಅದರ ಗೂಡಿಗೆ ಹೋಗಲು ಕಬ್ಬಿಣದ ಏಣಿ ಹತ್ತಬೇಕು. ಅಲ್ಲಿ ಕೂತರೆ ಕೆಳಗಿನವರೆಲ್ಲ ಬೆರಳಷ್ಟೇ ಕಾಣುತ್ತಾರೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. "ನೀ ಮಂದಿ ಉಚ್ಚಿ ನೋಡ್ತಿ, ನಾ ಮಂದಿ ನೆತ್ತಿ ನೋಡ್ತೀನಿ" ಎಂದು ನನ್ನನ್ನು ಕಾಡಿಸುತ್ತಿದ್ದ. ಚಿಕ್ಕಂದಿನಿಂದಲೂ ನಾಲಿಗೆ ಉದ್ದ, ಜೀವ ಮೆತ್ತಗೆ. ನನ್ನ ಮಕ್ಕಳಿಗಿಂತ ಅವನ ಮೇಲೆಯೇ ನನಗೆ ಒಂದು ಹಿಡಿ ಪ್ರೀತಿ ಹೆಚ್ಚು. ಇದನ್ನು ಮಕ್ಕಳಿಗೆ ಹೇಳಿಲ್ಲ.

ಅವನಿಗೆ ಸೇಂದಿಯ ರೂಢಿ ಇತ್ತು. ಈಚಲ ಮರದ ಸೇಂದಿ. ನಮ್ಮ ಕಡೆ ಡ್ಯೂಟಿ ಮುಗಿಸಿದ ಗಂಡಸರು ಸಂಜೆ ಸೇಂದಿ ಮಾರುವ ಕಂಪೌಂಡಿಗೆ ಹೋಗುವುದು ಚಹಾ ಅಂಗಡಿಗೆ ಹೋದಷ್ಟೇ ಸಹಜ. ಆದರೆ ನಾವು ಲಿಂಗವಂತರು. ನಮ್ಮ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿರಲಿಲ್ಲ. ಅವನು ಕುಡಿಯುವುದು ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುವುದೂ ಎಲ್ಲರಿಗೂ ರೂಢಿಯಾಗಿತ್ತು. ಹಬ್ಬಕ್ಕೆ ತವರಿಗೆ ಬಂದಾಗ ಸಂಜೆ ಆಗುತ್ತಲೇ ಲವಂಗ ಜಗಿಯುತ್ತ ಹೊರಗೆ ಹೋಗುತ್ತಿದ್ದ. ಅವ್ವ, "ಬಿಸಿಲಾಗ ದುಡದ್ ಬಂದಾನ, ಗಾಳಿಗಿ ಹೋಗ್ಯಾನ" ಎನ್ನುತ್ತಿದ್ದಳು. ಗಾಳಿ ಕುಡಿದು ಬಂದವನು ಉಣ್ಣದೆ ಮಲಗುತ್ತಿದ್ದ.

ಈಗಿನ ಸೇಂದಿ ಮರದಿಂದಲೇ ಇಳಿದದ್ದಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಇರುವ ಈಚಲ ಮರಗಳನ್ನು ಬುಡಸಮೇತ ಹಿಂಡಿದರೂ ಅಷ್ಟು ಸೇಂದಿ ಬರುವುದಿಲ್ಲ. ನೀರು, ಸ್ಯಾಕರಿನ್, ಅದರ ಮೇಲೆ ಒಂದು ಬಿಳಿ ಪುಡಿ. ಆ ಪುಡಿಗೆ ಜನ ಮಂದು ಎನ್ನುತ್ತಾರೆ. ಅದು ಬೇರೇನೂ ಅಲ್ಲ, ನಿದ್ದೆ ಗುಳಿಗೆಯ ಜಾತಿಯದೇ. ಕುಡಿಯುವವರಿಗೆ ಅದೇ ಬೇಕು. ಪುಡಿ ಕಡಿಮೆಯಾದ ದಿನ ಸೇಂದಿ ಸಪ್ಪಗಿದೆ ಎಂದು ಜಗಳ ತೆಗೆಯುತ್ತಾರೆ.

ಸಂಘದ ಗುರಿಗಳು ನಮ್ಮ ಕಡೆಗೆ ಬಲು ಬೇಗ ಬಂದವು. ಮುಂದಿನ ಬೇಸಿಗೆ ಹೊತ್ತಿಗೆ ತಮ್ಮನ ಕಾರ್ಖಾನೆಯೂ ಪರೀಕ್ಷೆಗೆ ಒಪ್ಪಿತು. ಅಲ್ಲಿನ ಗುತ್ತಿಗೆ ಬಂದದ್ದು ನನಗೇ. ಹೊಸ ಪಟ್ಟಿಯಲ್ಲಿ ನಿದ್ದೆ ಗುಳಿಗೆಯ ಕಿಂಡಿ ಸೇರಿತ್ತು. ಸಂಘದವರು ತಿಳಿವಳಿಕೆಯ ಪೋಸ್ಟರುಗಳನ್ನೂ ಕಳಿಸಿದ್ದರು. ಇಂದೇ ಬಿಡಿ, ಈಗಲೇ ಬಿಡಿ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ ಕೆಂಪು ಅಕ್ಷರ. ಅವು ಕ್ಯಾಂಟೀನಿನ ಗೋಡೆಗೆ ಹತ್ತಿದವು. ಪಕ್ಕದಲ್ಲಿ ಕಾರ್ಖಾನೆಯ ನೋಟೀಸು: ಇಂಥ ದಿನ ಪರೀಕ್ಷೆ, ಅಂದು ಗೈರಾದವರನ್ನು ಫೇಲ್ ಎಂದೇ ಎಣಿಸಲಾಗುವುದು, ಫೇಲಾದವರು ಕೆಲಸ ಬಿಡಬೇಕು.

ತಮ್ಮ ಅದನ್ನು ಓದಿದ ವಾರವೇ ನಾರಾಯಣಖೇಡಕ್ಕೆ ಹೋದ. ಅಲ್ಲಿಂದಲೇ ನನಗೆ ಫೋನ್ ಮಾಡಿದ. ದನಿಯಲ್ಲಿ ಹಬ್ಬದ ಸಡಗರ.

"ಅಕ್ಕಾ, ಸೇಂದಿ ಬಿಟ್ಟೀನಿ. ಅವ್ವನ ಮುಂದ ಲಿಂಗ ಅಂಗೈಮ್ಯಾಲ ಇಟ್ಕೊಂಡು ಆಣಿ ಮಾಡೀನಿ. ಆ ಮಂದು ಇನ್ನ ಈ ಜನ್ಮದಾಗ ನನ್ನ ಮೈಯಾಗ ಹೋಗಂಗಿಲ್ಲ."

ಹಿಂದಿನಿಂದ ಅವ್ವ ಅಳುವುದು ಕೇಳಿಸಿತು. ಇಷ್ಟು ವರ್ಷ ಗಾಳಿಗೆ ಹೋಗ್ಯಾನ ಎಂದವಳು ಅಂದು ಮೊದಲ ಸಲ ಮಗ ಸೇಂದಿ ಕುಡಿಯುತ್ತಿದ್ದ ಎಂದು ಬಾಯಿಬಿಟ್ಟು ಹೇಳಿದಳು, ಅದೂ ಅವನು ಬಿಟ್ಟ ಮೇಲೆ. ನಮ್ಮಲ್ಲಿ ಲಿಂಗ ಮುಟ್ಟಿ ಆಡಿದ ಮಾತು ಎಂದರೆ ಮುಗಿಯಿತು. ಅದಕ್ಕೆ ಹಿಂದೆ ಮುಂದೆ ಇಲ್ಲ. ಆ ದಿನ ಮನೆಯಲ್ಲಿ ಸಿಹಿಗೆಂದು ಸಜ್ಜಕ ಮಾಡಿದೆ.

ಆ ಸಜ್ಜಕ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಪರೀಕ್ಷೆಗೆ ಇನ್ನೂ ಕೆಲವು ದಿನ ಇರುವಾಗ ಬೆಳಿಗ್ಗೆ ತಮ್ಮನ ಹೆಂಡತಿ ಫೋನ್ ಮಾಡಿದಳು. ಮೆಲ್ಲಗೆ ಮಾತಾಡುವ ಹುಡುಗಿ, ಅಂದು ಮಾತು ತೊದಲುತ್ತಿತ್ತು.

"ಅಕ್ಕಾರ, ಇವರು ಕಣ್ಣ ಮುಚ್ಚವಲ್ರು. ಕೈ ನಡಗ್ತಾವ, ಊಟದ ತುತ್ತು ಬಾಯಿಗಿ ಹೋಗವಲ್ದು. ಗ್ವಾಡಿಮ್ಯಾಲ ಇರಿವಿ ಹರಿದಾಡ್ತಾವ ಅಂತ ಅರಬಿಲೆ ಒರಸಾಕ ಹತ್ಯಾರ. ಗ್ವಾಡಿಮ್ಯಾಲ ಏನೂ ಇಲ್ರಿ."

ಸಿಕ್ಕ ಬಸ್ಸು ಹತ್ತಿ ತಾಂಡೂರಿಗೆ ಹೋದೆ. ತಮ್ಮ ಬರೀ ಬನಿಯನ್ನಿನಲ್ಲಿ ಕೂತಿದ್ದ, ಮೈಯೆಲ್ಲ ಬೆವರು. ನನ್ನನ್ನು ನೋಡಿ ನಕ್ಕ, ನಗುವಾಗಲೂ ತುಟಿ ಅದುರುತ್ತಿತ್ತು. ಲೋಟ ಕೊಟ್ಟರೆ ನೀರೆಲ್ಲ ಎದೆಯ ಮೇಲೆ ಚೆಲ್ಲಿಕೊಂಡ. "ಜ್ವರ ಬಂದಂಗ ಆಗ್ಯದ ಅಷ್ಟೇ, ಪರೀಕ್ಷೆ ಮುಗದ್ರ ಎಲ್ಲಾ ಛಲೋ ಆಗ್ತದ" ಎಂದ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ರೇಗಿ, ಬೈದು, ಎಳೆದುಕೊಂಡೇ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿದ್ದ ಡಾಕ್ಟರು ಕಲಬುರಗಿ ಕಡೆಯವರು. ನೋಡಿದ ಕೂಡಲೇ, "ಸೇಂದಿ ಬಿಟ್ಟಿ ಏನು?" ಎಂದರು. ತಮ್ಮ ಹೌದೆಂದು ಹೆಮ್ಮೆಯಿಂದಲೇ ತಲೆಯಾಡಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಓಡೋ ಬಸ್ಸಿನಿಂದ ಜಿಗದಂಗ ಮಾಡ್ಯಾನ್ರಿ ಇವ. ಇಷ್ಟು ವರ್ಷ ದಿನಾ ಆ ಮಂದು ಮೈಯಾಗ ಹೋಗ್ಯದ. ಒಮ್ಮೆಲೇ ನಿಂತ್ರ ಮೆದುಳು ತಡಕೊಳ್ಳಂಗಿಲ್ಲ. ಫಿಟ್ಸ್ ಬರ್ತದ. ಒಂದೂರಾಗ ಸೇಂದಿ ಅಂಗಡಿ ಮುಚ್ಚಿದ್ರ ನಮ್ಮಲ್ಲಿ ಮಂಚ ಸಾಲಂಗಿಲ್ಲ."

ಔಷಧವೇನು ಎಂದೆ. ಅದೇ ಜಾತಿಯ ಗುಳಿಗೆ, ಲೆಕ್ಕದಂತೆ ಕೊಟ್ಟು, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸುತ್ತ ಬರಬೇಕು, ಬೇರೆ ದಾರಿಯಿಲ್ಲ ಎಂದರು. ಅಲ್ಲಿಯವರೆಗೆ ಎತ್ತರ ಹತ್ತಬಾರದು, ಗಾಡಿ ಹೊಡೆಯಬಾರದು. ಸೇಂದಿಯಲ್ಲಿ ಬೆರೆಸುವುದೂ ಇದನ್ನೇ, ಆದರೆ ಇಲ್ಲಿ ಇದು ಔಷಧ ಎಂದೂ ಹೇಳಿದರು. ಒಳ್ಳೆಯ ಡಾಕ್ಟರು, ಮುಚ್ಚುಮರೆ ಇಲ್ಲದವರು. ಅಂದು ಅವರು ಒಂದಿಷ್ಟು ಸುಳ್ಳು ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಯಾಕೆಂದರೆ ತಮ್ಮನ ಮುಖ ಅಲ್ಲಿಯೇ ಬಿಗಿಯಿತು. ಮನೆಗೆ ಬಂದ ಮೇಲೆ ಗುಳಿಗೆ ಅಂಗೈಗೆ ಹಾಕಿದರೆ ಹಾವು ಕಂಡವನಂತೆ ಕೊಡವಿದ.

"ಆಣಿ ಮಾಡೀನಿ ಅಕ್ಕಾ. ಸೇಂದಿ ಅಂತ ಮಾಡಿಲ್ಲ, ಆ ಮಂದು ಮೈಯಾಗ ಹೋಗಂಗಿಲ್ಲ ಅಂತ ಮಾಡೀನಿ. ಇದು ಅದೇ ಅಂತ ಡಾಕ್ಟರೇ ಹೇಳ್ಯಾರ. ಮತ್ತ ಇದು ತಗೊಂಡ್ರ ನಿನ್ನ ಪಟ್ಟಿ ಮ್ಯಾಲ ಗೆರಿ ಬರ್ತದೇನು? ಹೇಳು."

ಬರುವುದಿಲ್ಲ. ಗುಳಿಗೆ ತೆಗೆದುಕೊಂಡರೆ ಅವನು ಫೇಲು. ತೆಗೆದುಕೊಳ್ಳದಿದ್ದರೆ ಯಾವ ಗಳಿಗೆಯಲ್ಲಾದರೂ ಫಿಟ್ಸು. ರಜೆ ಹಾಕಿದರೂ ಫೇಲು. ನಾನು ಹೇಳಲಿ ಬಿಡಲಿ, ಅವನಿಗೆ ಇದೆಲ್ಲ ಗೊತ್ತಿತ್ತು. ಕಾಣದ ಇರುವೆ ಕಾಣುವಷ್ಟು ತಲೆ ಕೆಟ್ಟಿದ್ದರೂ ಲೆಕ್ಕದಲ್ಲಿ ಮಾತ್ರ ತಪ್ಪಿರಲಿಲ್ಲ.

ಅಂಗಳಕ್ಕೆ ಬಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಡಾಕ್ಟರ ಚೀಟಿ ಇರುವ ಮನುಷ್ಯನಿಗೆ ಗೆರೆ ಬಾರದಿದ್ದರೆ ಅವನನ್ನು ಫೇಲ್ ಎನ್ನಬೇಕೇ ಎಂದು ಕೇಳಿದೆ. "ಅಮ್ಮಾ, ಡಾಕ್ಟರು ನೋಡಿ ತೀರ್ಮಾನ ಹೇಳುವುದು ನಮ್ಮ ಗುರಿಗಳಲ್ಲಿ ಇದೆಯಲ್ಲ, ನೀವೇ ಸೇರಿಸಿದ್ದು" ಎಂದರು. ಹೌದು, ಆದರೆ ಈಗ ನಾನೇನು ಮಾಡಲಿ ಎಂದೆ. "ಅದು ಎರಡನೇ ಹಂತ ಅಮ್ಮಾ. ಕಾರ್ಖಾನೆಗಳು ಇನ್ನೂ ಒಪ್ಪಿಲ್ಲ. ಮೊದಲು ಪರೀಕ್ಷೆ ಎಲ್ಲ ಕಡೆ ಬೇರು ಬಿಡಲಿ." ಅವರ ದನಿಯಲ್ಲಿ ನಿಜವಾಗಿಯೂ ಮರುಕ ಇತ್ತು. ಯಾರಿಗಾಗಿ ಕೇಳುತ್ತಿದ್ದೀರಿ ಎಂದು ಕೇಳಿದರು. ನಾನು ಫೋನ್ ಇಟ್ಟೆ. ಕೈಯಲ್ಲಿದ್ದ ಫೋನನ್ನು ಕಲ್ಲಿಗೆ ಬಡಿಯಬೇಕು ಅನ್ನಿಸಿತು. ನನ್ನ ಮಾತಿಗೆ ಚಪ್ಪಾಳೆ ತಟ್ಟಿದ ಆ ಸಭೆಯನ್ನೆಲ್ಲ ಬಾಯಿಗೆ ಬಂದಂತೆ ಬೈದೆ, ಕೇಳಲು ಅಲ್ಲಿ ತುಳಸಿ ಗಿಡ ಬಿಟ್ಟರೆ ಯಾರೂ ಇರಲಿಲ್ಲ.

ಉಳಿದದ್ದು ಅವ್ವ. ಅವಳ ಮಾತೊಂದನ್ನು ತಮ್ಮ ಮೀರುತ್ತಿರಲಿಲ್ಲ. ಅವಳನ್ನು ಕರೆಸಿಕೊಂಡೆ. ಬಂದವಳು ಮಗನ ಹಣೆಗೆ ವಿಭೂತಿ ಹಚ್ಚಿ, ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಣೆ ಬಿಡಿಸು, ಗುಳಿಗೆ ತಗೋ ಅನ್ನು, ಇಲ್ಲದಿದ್ದರೆ ಇವನು ನಮಗೆ ದಕ್ಕುವುದಿಲ್ಲ ಎಂದು ಕೈಮುಗಿದು ಕೇಳಿದೆ. ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಆಣಿ ಮಾಡಿದ್ದು ನನಗಲ್ಲವ್ವ. ನಾ ಬರೇ ಮುಂದ ಕುಂತಿದ್ದೆ. ನನ್ನದಲ್ಲದ್ದು ನಾ ಹ್ಯಾಂಗ ಬಿಡಸ್ಲಿ?"

"ಹಂಗಂದ್ರ ಸಾಯ್ಲೇನು ಇವ?"

"ಬಿಟ್ಟದ್ದು ಮತ್ತ ತಗೊಂಡ್ರ ಸತ್ತಂಗೇ ಅಲ್ಲೇನು? ಇಷ್ಟು ವರ್ಷಕ್ಕ ಒಮ್ಮೆ ನನ್ನ ಮಗ ನೆಟ್ಟಗಾಗ್ಯಾನ. ನೀ ಅಡ್ಡ ಬರಬ್ಯಾಡ."

ಅವಳ ಕಣ್ಣಿಗೆ ಮಗನ ನಡುಕ ಒಂದು ವ್ರತದ ನಡುಕ. ನನ್ನ ಕಣ್ಣಿಗೆ ಅದು ಸಾವು. ಗುಳಿಗೆಯನ್ನು ಅರೆದು ಮಜ್ಜಿಗೆಗೆ ಹಾಕೋಣವೇ ಎಂದು ತಮ್ಮನ ಹೆಂಡತಿ ಪಿಸುಗುಟ್ಟಿದಳು. ಹಾಕಿದೆವು. ಅವನು ಒಂದು ಗುಟುಕು ಬಾಯಿಗಿಟ್ಟು, ಕಹಿ ಗುರುತಿಸಿ, ಲೋಟವನ್ನು ನಮ್ಮ ಕಣ್ಣೆದುರೇ ಬಚ್ಚಲಿಗೆ ಸುರಿದ. ಆಮೇಲೆ ನಮ್ಮ ಕೈಯಿಂದ ಊಟವನ್ನೇ ಮುಟ್ಟಲಿಲ್ಲ. ಬಾಳೆಹಣ್ಣು ತಾನೇ ಸುಲಿದು ತಿನ್ನುತ್ತಿದ್ದ, ಸುಲಿಯಲು ಆಗದಾಗ ಸಿಪ್ಪೆ ಸಮೇತ ಕಚ್ಚುತ್ತಿದ್ದ.

ಪರೀಕ್ಷೆಯ ದಿನ ಬಂತು. ಹೋಗಲೇಬೇಕಿತ್ತು, ಗುತ್ತಿಗೆ ನನ್ನದು. ರಕ್ತ ಸಂಬಂಧಿಗಳ ಕಪ್ಪನ್ನು ನಾವು ಮುಟ್ಟಬಾರದು ಎಂಬುದು ನಮ್ಮ ನಿಯಮ. ನನ್ನ ಜೊತೆ ಕೆಲಸ ಮಾಡುವ ಟೆಕ್ನಿಷಿಯನ್‌ಗೆ ಹೇಳಿ, ತಮ್ಮನ ಸರದಿ ಬಂದಾಗ ಬಾಗಿಲ ಕಡೆ ಸರಿದು ನಿಂತೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹಣೆಯಲ್ಲಿ ವಿಭೂತಿ. ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಬಿಗಿದುಕೊಂಡಿದ್ದ. ಒಳಗೆ ಹೋದ, ಬಂದ. ಕಪ್ಪು ಬೆಚ್ಚಗಿತ್ತು. ನನ್ನ ಜೊತೆಗಾರ ಪಟ್ಟಿ ಅದ್ದಿ ಮೇಜಿನ ಮೇಲಿಟ್ಟ. ನಾವು ಮೂವರೂ ಅದನ್ನೇ ನೋಡಿದೆವು.

ಒಂದೊಂದೇ ಕಿಂಡಿಯಲ್ಲಿ ಗೆರೆ ಮೂಡಿತು. ಕೊನೆಯ ಕಿಂಡಿಯಲ್ಲಿ ತಡವಾಗಿ, ಮಸುಕಾಗಿ, ಆದರೂ ಮೂಡಿತು. ಮಸುಕು ಗೆರೆಯೂ ಗೆರೆಯೇ.

"ಪಾಸ್" ಎಂದ ಜೊತೆಗಾರ. ತಮ್ಮ ನನ್ನ ಕಡೆ ನೋಡಿದ ನೋಟವನ್ನು ಹೇಗೆ ಹೇಳಲಿ. ಚಿಕ್ಕಂದಿನಲ್ಲಿ ಈಜು ಕಲಿತು ಬಾವಿಯ ಆ ದಡ ಮುಟ್ಟಿದಾಗ ಹೀಗೆ ನೋಡಿದ್ದ. ನನಗೂ ಒಂದು ಕ್ಷಣ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಸಿಬ್ಬಂದಿ ವಿಭಾಗದ ಅಧಿಕಾರಿ ಪಾಸಾದವರನ್ನೆಲ್ಲ ಕೈಕುಲುಕಿ ನೇರ ಡ್ಯೂಟಿಗೆ ಕಳಿಸುತ್ತಿದ್ದರು. ತಮ್ಮ ಹೆಲ್ಮೆಟ್ಟು ಹಾಕಿಕೊಂಡ. ಅದರ ಕೊಂಡಿ ಸಿಕ್ಕಿಸಲು ಅವನ ಕೈಲಿ ಆಗಲಿಲ್ಲ. ಒಮ್ಮೆ, ಮತ್ತೊಮ್ಮೆ ಒದ್ದಾಡಿ, ಹಾಗೇ ಬಿಟ್ಟು, ಶೆಡ್ಡಿನ ಕಡೆ ಹೆಜ್ಜೆ ಹಾಕಿದ. ನಾನು ಹಿಂದೆಯೇ ಓಡಿ ಅಡ್ಡ ನಿಂತೆ.

"ಇವತ್ತೊಂದಿನ ಹತ್ತಬ್ಯಾಡ ತಮ್ಮಾ. ಹೊಟ್ಟಿ ನೋವು ಅನ್ನು, ಏನಾರ ಅನ್ನು."

"ಪಾಸಾದ ದಿನಾನೇ ಹೊಟ್ಟಿ ನೋವು ಅಂದ್ರ ಯಾರು ನಂಬ್ತಾರ? ಹಾದಿ ಬಿಡು."

"ಮ್ಯಾಲ ಹೋದಾಗ ಫಿಟ್ಸ್ ಬಂದ್ರ?"

"ಬರಂಗಿಲ್ಲ. ಶಿವ ಕೈ ಹಿಡದಾನ, ಗೆರಿ ಬಂದದ. ನೀ ಏನೂ ಅನಬ್ಯಾಡ ಅಕ್ಕಾ, ನಿನ್ನ ಕಾಲ್ ಬೀಳ್ತೀನಿ. ಒಂದ್ ಮಾತ್ ಅಂದಿ ಅಂದ್ರ ನನ್ನ ನೌಕರಿ ಹೋತು."

ಅವನು ನನ್ನನ್ನು ಪಕ್ಕಕ್ಕೆ ಸರಿಸಿ ನಡೆದ. ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ. ಕ್ರೇನಿನ ಕೆಳಗೆ ಆಗಲೇ ಜನ ಕೆಲಸಕ್ಕೆ ಇಳಿದಿದ್ದರು. ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಕಂಬಿ ಹಿಡಿದ ಕೈ ಕಂಬಿಯನ್ನೇ ಬಡಿಯುತ್ತಿತ್ತು, ಟಿಣಿಟಿಣಿ ಸದ್ದು ನನಗೆ ಕೇಳಿಸುತ್ತಿತ್ತು.

ನಾನು ಅಧಿಕಾರಿಯ ಬಳಿ ಹೋಗಿ ಹೇಳಿಬಿಟ್ಟೆ. ಇವನು ನನ್ನ ತಮ್ಮ. ವರ್ಷಗಟ್ಟಲೆ ಸೇಂದಿ ಕುಡಿದು ಒಮ್ಮೆಲೇ ಬಿಟ್ಟಿದ್ದಾನೆ. ಕೈ ನಡುಗುತ್ತಿವೆ, ಫಿಟ್ಸ್ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೇಲೆ ಹತ್ತಿಸಬೇಡಿ.

ಅಧಿಕಾರಿಗೆ ಮೊದಲು ಅರ್ಥವೇ ಆಗಲಿಲ್ಲ. "ರಿಸಲ್ಟ್ ಪಾಸ್ ಅಂದರಲ್ಲ ಮೇಡಂ?" ಎಂದರು. ಪಾಸೇ ಸರ್, ಅದಕ್ಕೇ ಹೇಳುತ್ತಿದ್ದೇನೆ ಎಂದೆ. ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಆಮೇಲೆ ಏಣಿಯ ಕಡೆ ನೋಡಿ, ಮುಖದ ಬಣ್ಣ ಕಳೆದುಕೊಂಡು, ಕೂಗಿ ಅವನನ್ನು ಇಳಿಸಿದರು. ಕ್ರೇನಿನ ಬೀಗದ ಕೈ ವಾಪಸು ತೆಗೆದುಕೊಂಡರು. ವರ್ಷಗಟ್ಟಲೆ ಅಮಲಿನಲ್ಲಿ ಕ್ರೇನ್ ನಡೆಸಿದವನು ಎಂದು ಅಲ್ಲಿಯೇ, ಎಲ್ಲರೆದುರು, ತೆಲುಗಿನಲ್ಲಿ ಹೇಳಿದರು. ಇನ್ನು ಬರುವುದು ಬೇಡ ಎಂದರು. ತಮ್ಮ ನನ್ನ ಕಡೆ ನೋಡಲಿಲ್ಲ. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಗೇಟಿನ ಕಡೆ ನಡೆದ.

ಗೇಟಿನ ಪಕ್ಕದ ವಾಚ್‌ಮನ್ ಕೋಣೆಯ ನೆರಳಿಗೆ ಬರುವಷ್ಟರಲ್ಲಿ ಅವನ ಕತ್ತು ಒಂದು ಕಡೆ ಎಳೆಯಿತು. ಬಾಯಿಂದ ನಾನೆಂದೂ ಕೇಳದ ಒಂದು ಸದ್ದು ಬಂತು. ಕಡಿದ ಮರದ ಹಾಗೆ ಕೆಳಗೆ ಬಿದ್ದ. ಹಿಂದೆಯೇ ಬರುತ್ತಿದ್ದ ನಾನು ಅವನನ್ನು ಪಕ್ಕಕ್ಕೆ ಹೊರಳಿಸಿ ತಲೆ ಹಿಡಿದುಕೊಂಡೆ. ಮೈಯೆಲ್ಲ ಸೆಟೆದು ಬಡಿದುಕೊಳ್ಳುತ್ತಿತ್ತು, ಹಲ್ಲಿನ ಸಂದಿಯಿಂದ ರಕ್ತ ಬೆರೆತ ನೊರೆ. ವಾಚ್‌ಮನ್ ಬೀಗದ ಕೈಗೊಂಚಲು ತಂದು ಅವನ ಅಂಗೈಗೆ ತುರುಕಲು ನೋಡಿದ, ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು. "ಶಿವನೇ, ಶಿವನೇ" ಎಂದು ನಾನು ಅರಚುತ್ತಿದ್ದೆ. ಇದು ಏಣಿಯ ಮೇಲಾಗಿದ್ದರೆ, ಆ ಗೂಡಿನಲ್ಲಿ ಆಗಿದ್ದರೆ, ಕೆಳಗೆ ಅಷ್ಟು ಜನ ಇರುವಾಗ ಆಗಿದ್ದರೆ ಎಂದು ಅದರ ನಡುವೆಯೂ ಯೋಚನೆ ಬಂತು. ಬದುಕಿದಿ ತಮ್ಮಾ, ಬದುಕಿದಿ ಎಂದು ಅವನ ಕೂದಲಿಗೆ ಮುಖ ಒತ್ತಿ ಅತ್ತೆ.

ಆಸ್ಪತ್ರೆಯಲ್ಲಿ ಯಾರನ್ನೂ ಕೇಳದೆ ಅದೇ ಔಷಧವನ್ನು ಸೂಜಿಯಲ್ಲಿ ಕೊಟ್ಟರು. ಬಾಯಿಂದ ಹೋಗಿಲ್ಲವಲ್ಲ, ಅದಕ್ಕೆ ದೋಷವಿಲ್ಲ ಎಂದು ಅವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಮ್ಮೆ ಒಳಗೆ ಹೋದ ಮೇಲೆ ಗುಳಿಗೆಗೂ ಹೇಗೋ ಒಪ್ಪಿದಳು. ಆ ಹೊತ್ತಿಗೆ ಹಟ ಮಾಡಲು ತಮ್ಮನಲ್ಲಿ ಜೀವವೇ ಇರಲಿಲ್ಲ. ವಾರವಾರಕ್ಕೂ ಇಳಿಸುತ್ತ ಬಂದರು. ಇರುವೆಗಳು ಹೋದವು, ನಿದ್ದೆ ಬಂತು. ಅವನು ಮತ್ತೆ ಸೇಂದಿ ಮುಟ್ಟಿಲ್ಲ. ನೌಕರಿಯೂ ಮತ್ತೆ ಸಿಕ್ಕಿಲ್ಲ. ಕ್ರೇನ್ ನಡೆಸುವವರ ಲೋಕ ಸಣ್ಣದು, ಒಂದು ಗೇಟಿನಲ್ಲಿ ಆಡಿದ ಮಾತು ಎಲ್ಲ ಗೇಟುಗಳಿಗೂ ಮುಟ್ಟುತ್ತದೆ. ಈಗ ನಾರಾಯಣಖೇಡದ ಮನೆಯಲ್ಲಿ ಕೂತಿರುತ್ತಾನೆ. ಹೆಂಡತಿ ಹೊಲಿಗೆ ಮಾಡುತ್ತಾಳೆ.

ಕಳೆದ ಸಲ ಸಂಘದ ಸಭೆಯಲ್ಲಿ ಕಾರ್ಯದರ್ಶಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಸ್ವಂತ ತಮ್ಮನೆಂದೂ ನೋಡದೆ ಸತ್ಯ ಹೇಳಿದವರು ಎಂದು ಮೈಕಿನಲ್ಲಿ ಹೊಗಳಿದರು. ಹೊಸ ಗುರಿಗಳನ್ನೂ ಓದಿದರು. ಡಾಕ್ಟರ ಮಾತು ಈಗಲೂ ಎರಡನೇ ಹಂತದಲ್ಲೇ ಇದೆ. ಶಾಲನ್ನು ಬಸ್ಸಿನಲ್ಲಿ ಬಿಟ್ಟು ಇಳಿದೆ, ಕಂಡಕ್ಟರ್ ಕೂಗಿದರೂ ತಿರುಗಿ ನೋಡಲಿಲ್ಲ.

ತಮ್ಮನಿಗೆ ಆ ದಿನ ಗೆರೆ ಮೂಡಿದ್ದು ನೆನಪಿದೆ. ನಾನು ಅಧಿಕಾರಿಯ ಕಿವಿಗೆ ಹೇಳಿದ್ದು ನೆನಪಿದೆ, ಎಲ್ಲರೆದುರು ಬೈಸಿಕೊಂಡದ್ದು ನೆನಪಿದೆ. ಗೇಟಿನ ಬಳಿ ಬಿದ್ದದ್ದು ಮಾತ್ರ ಒಂದಿಷ್ಟೂ ನೆನಪಿಲ್ಲ. ಫಿಟ್ಸ್ ಬಂದವರಿಗೆ ಅದು ನೆನಪಿರುವುದಿಲ್ಲ ಎಂದು ಡಾಕ್ಟರೇ ಹೇಳಿದರು. ಅವನು ನಂಬುವುದಿಲ್ಲ. ನೌಕರಿ ಹೋದ ಸಂಕಟಕ್ಕೆ ಚಕ್ಕರ್ ಬಂದು ಬಿದ್ದೆ, ಅದನ್ನೇ ಅಕ್ಕ ದೊಡ್ಡದು ಮಾಡಿ ಹೇಳುತ್ತಾಳೆ ಎನ್ನುತ್ತಾನೆ. ನನ್ನೊಡನೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಮೊನ್ನೆ ಅಪ್ಪನ ಪುಣ್ಯಸ್ಮರಣೆಗೆ ಹೋದಾಗ, ಬಂಧುಗಳೆಲ್ಲ ಕೂತಿರುವಾಗ, ಅವನೇ ಎದ್ದು ನನ್ನ ಮುಂದೆ ಬಂದು ನಿಂತ. ಮಾತಾಡಲು ಬಂದನಲ್ಲ ಎಂದು ನನ್ನ ಜೀವ ಕುಣಿಯಿತು. ಅವನು ಎರಡೂ ಕೈಗಳನ್ನು ನೇರ ಮುಂದೆ ಚಾಚಿ, ಬೆರಳು ಬಿಡಿಸಿ ಹಿಡಿದ.

"ನೋಡ್ರಿ ಎಲ್ಲಾರೂ. ಈ ಕೈ ನಡಗ್ತಾವ, ಮ್ಯಾಲ ಹತ್ತಿಸಬ್ಯಾಡ್ರಿ ಅಂತ ಹೇಳ್ಯಾಳ ನಮ್ಮಕ್ಕ. ಎಲ್ಲಿ ನಡಗ್ತಾವ, ತೋರ್ಸು ಅಕ್ಕಾ."

ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಎಲ್ಲರೂ ಆ ಕೈಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.